ಬೀಗದ ಬಾಗಿಲಿನ ಮುಂದೆ ಒಂದು ಕೊಡ ನೀರು

ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ಅತ್ತೆ ನನಗೆ ಕಲಿಸಿದ ಮೊದಲ ವಿದ್ಯೆ ಅಡುಗೆಯಲ್ಲ, ಮಗ್ಗದ ಕೆಲಸವೂ ಅಲ್ಲ. ನೀರು ಕುಡಿಯದೆ ಇರುವುದು. ಸಂತೆಗೆ ಹೊರಡುವ ದಿನ ಬೆಳಿಗ್ಗೆ ಅರ್ಧ ಕಪ್ ಚಹಾ, ಅಷ್ಟೇ. ರೊಟ್ಟಿಯ ಜೊತೆ ಶೇಂಗಾ ಚಟ್ನಿ ಕಟ್ಟಿಕೊಳ್ಳಬೇಕು, ರಸ ಬಿಡುವ ಪಲ್ಯ ಕೂಡದು, ಮಜ್ಜಿಗೆಯ ಮಾತಂತೂ ಇಲ್ಲವೇ ಇಲ್ಲ. ಬಾಯಿ ಒಣಗಿದರೆ ನಾಲಿಗೆಯ ಕೆಳಗೆ ಒಂದು ಲವಂಗ. ಸಂಜೆ ಬಸ್ಸಿಳಿದು ಮನೆಯ ಹೊಸ್ತಿಲು ದಾಟಿದ ಮೇಲೆ ಏನು ಬೇಕಾದರೂ ಕುಡಿ, ಕೇಳುವವರಿಲ್ಲ.

“ಮದಲ ತ್ರಾಸ ಆಗ್ತೈತಿ. ಆಮ್ಯಾಲ ಮೈ ತಾನ ಕಲೀತೈತಿ,” ಎಂದಿದ್ದರು ಅತ್ತೆ.

ಮೈ ಕಲಿಯಿತು. ಕಲಿಯದೆ ಇನ್ನೇನು ಮಾಡೀತು. ನನ್ನ ತವರು ಅಸುಂಡಿ, ಅಪ್ಪನದು ಅಲ್ಲೊಂದು ಕಿರಾಣಿ ಅಂಗಡಿ. ನಮಗೆ ಮೊದಲು ಬಯಲಿಗೆ ಹೋಗಲು ಹೊಲವಿತ್ತು, ಆಮೇಲೆ ಮನೆಯ ಹಿಂದೆ ಪಾಯಖಾನೆಯೂ ಆಯಿತು. ಹೆಂಗಸರು ಕಲಿಯಬೇಕಾದ ಇಂಥದ್ದೊಂದು ವಿದ್ಯೆ ಇದೆ ಎಂದು ಯಾರೂ ಹೇಳಿರಲಿಲ್ಲ.

ಮಾವ ನೇಕಾರರು. ಮನೆಯ ನಡುಕೋಣೆಯಲ್ಲೇ ಅವರ ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ ಅದು. ಅತ್ತೆಯೂ ಅದರಲ್ಲಿ ಕುಳಿತು ನೇಯ್ದವರೇ. ಒಮ್ಮೆ ಇಳಿದರೆ ಹಿಡಿದ ಕೆಲಸ ಮುಗಿಯುವವರೆಗೆ ಏಳಬಾರದು ಎಂಬ ಶಿಸ್ತು ಅವರಿಗೆ ಅಲ್ಲಿಂದ ಬಂದದ್ದು. ತಡೆದುಕೊಳ್ಳುವುದನ್ನು ಅವರು ತೊಂದರೆ ಎಂದು ಎಣಿಸಿಯೇ ಇರಲಿಲ್ಲ, ಕಸುಬಿನ ಒಂದು ಭಾಗ ಎಂದುಕೊಂಡಿದ್ದರು. ಅದರ ಬಗ್ಗೆ ಹೆಮ್ಮೆಯೂ ಇತ್ತು. ಸಂತೆಯಲ್ಲಿ ಹೊಸಬಳೊಬ್ಬಳು ಮಧ್ಯಾಹ್ನಕ್ಕೇ ಚಡಪಡಿಸತೊಡಗಿದರೆ, “ಇನ್ನಾ ಕಲತಿಲ್ಲ, ಪಾಪ,” ಎಂದು ನನ್ನ ಕಡೆ ನೋಡಿ ನಗುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಮಗ್ಗ ನಿಂತಿತು. ಕುಣಿ ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿದೆವು, ಈಗ ಅಲ್ಲಿ ಟಿವಿ ಇದೆ. ನನ್ನ ಗಂಡ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾರೆ. ಅತ್ತೆ ಮಾತ್ರ ಮನೆಯಲ್ಲಿ ಕೂರಲಿಲ್ಲ. ಓಣಿಯಲ್ಲಿ ಇನ್ನೂ ಮಗ್ಗ ಇಟ್ಟುಕೊಂಡವರಿಂದ ಸೀರೆ ತಂದರು, ಗುಳೇದಗುಡ್ಡದಿಂದ ಕುಪ್ಪಸದ ಖಣ ತರಿಸಿದರು, ಗಂಟು ಕಟ್ಟಿ ಬಸ್ಸು ಹತ್ತಿದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಸಂತೆ ಎಲ್ಲಿದೆಯೋ ಅಲ್ಲಿ. ನಾನು ಎರಡನೆಯ ಗಂಟು ಹೊತ್ತು ಅವರ ಹಿಂದೆ. ನೆರಳು ನೋಡಿ ಅವರು ಹಿಡಿದಿದ್ದ ಜಾಗಗಳಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಮದುವೆ ನಿಶ್ಚಯವಾದ ಮನೆಯವರು “ಬೆಟಗೇರಿ ಅವ್ವ ಬಂದಾಳೇನ?” ಎಂದು ವಿಚಾರಿಸಿಕೊಂಡು ಬರುತ್ತಿದ್ದರು.

ಹೀಗಿರುವಾಗ ಅತ್ತೆಯ ಮೈ ಕಲಿತದ್ದನ್ನು ಮರೆಯತೊಡಗಿತು. ಬಚ್ಚಲಲ್ಲಿ ನನಗೆ ಹಳೆಯ ಬಟ್ಟೆಯ ತುಂಡುಗಳು ಸಿಗಲಾರಂಭಿಸಿದವು, ನಾನು ನೋಡುವ ಮೊದಲೇ ಅತ್ತೆ ಅವನ್ನು ತೊಳೆದು ಹಿಂಡಿ ಮೂಲೆಯಲ್ಲಿ ಹರವಿರುತ್ತಿದ್ದರು. ಒಂದು ಸಂಜೆ ಸಂತೆಯಿಂದ ಬರುವ ಬಸ್ಸಿನಲ್ಲಿ ಅತ್ತೆಯ ಸೀರೆ ಒದ್ದೆಯಾಯಿತು. ಸೀಟೂ ಒದ್ದೆಯಾಯಿತು. ಪಕ್ಕದಲ್ಲಿ ಕುಳಿತ ಹುಡುಗಿಯ ನೀರಿನ ಬಾಟಲಿಯ ಮುಚ್ಚಳ ಸಡಿಲವಿದೆ ಎಂದು ಅತ್ತೆ ಗಟ್ಟಿಯಾಗಿ ಗದರಿದರು. ಹುಡುಗಿ ಬಾಟಲಿ ಎತ್ತಿ ನೋಡಿದಳು, ಮುಚ್ಚಳ ಬಿಗಿಯಾಗಿತ್ತು. ಆಕೆ ನನ್ನ ಮುಖ ನೋಡಿದಳು, ನಾನು ಕಿಟಕಿಯ ಹೊರಗೆ ನೋಡಿದೆ.

ಗದಗಿನ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ ಸುತ್ತಿ ಬಳಸಿ ಮಾತಾಡಲಿಲ್ಲ. “ನೀರ ಕುಡೀರಿ, ಇಲ್ಲಾ ಸಂತಿ ಬಿಡ್ರಿ. ಎರಡರಾಗ ಒಂದ ಆಗಾಕ ಬೇಕು. ಹಿಂಗ ಬಿಟ್ರ ಕಿಡ್ನಿ ಎರಡೂ ಕೈ ಕೊಡ್ತಾವ. ಆಮ್ಯಾಲ ವಾರಾ ವಾರಾ ಡಯಾಲಿಸಿಸ್‌ಗೆ ಬರ್ಬೇಕಾಗ್ತೈತಿ ನೋಡ್ರಿ,” ಎಂದರು.

ಅತ್ತೆ ತಲೆಯಾಡಿಸಿದರು. ಹೊರಗೆ ಬಂದು ಆಟೋ ಹತ್ತುವಾಗ, “ಗಂಡಸ ಮನಷ್ಯಾ, ಅವಗೇನ ಗೊತ್ತು,” ಎಂದರು. ನೀರು ಕುಡಿಯಲಿಲ್ಲ, ಸಂತೆಯನ್ನೂ ಬಿಡಲಿಲ್ಲ. ಬಿಡಿ ಎಂದು ನಾನು ಬೆನ್ನು ಬಿದ್ದಾಗ, “ಮನ್ಯಾಗ ಕುಂತ್ರ ನಾ ಬರೇ ಒಬ್ಬಾಕಿ ಮುದುಕಿ. ಸಂತ್ಯಾಗ ಕುಂತ್ರ ಮಂದಿ ಹುಡಿಕ್ಕೊಂಡ ಬರ್ತಾರ,” ಎಂದು ಮಾತು ಮುಗಿಸಿದರು. ನನಗೆ ಹೆದರಿಕೆಯಾಯಿತು. ಗಂಡನಿಗೆ ಹೇಳಿದರೆ ಅವರು ಅವ್ವನ ಮುಂದೆ ಬಾಯಿ ಬಿಡುವವರಲ್ಲ. ಹಾಗಾಗಿ ನಾದಿನಿಗೆ ಫೋನು ಮಾಡಿ ಬಟ್ಟೆಯ ವಿಷಯ, ಬಸ್ಸಿನ ವಿಷಯ ಎಲ್ಲ ಹೇಳಿದೆ.

ನಾದಿನಿಯ ಬಗ್ಗೆ ಹೇಳಬೇಕು. ಗಂಡನ ತಂಗಿ. ಗದಗಿನಲ್ಲೇ ಚಿತ್ರಕಲೆ ಓದಿದಳು, ಮುಂದೆ ಗುಜರಾತಿಗೆ ಹೋಗಿ ಇನ್ನಷ್ಟು ಓದಿದಳು, ಹೋದವಳು ಚಿತ್ರ ಬಿಡಿಸುವುದನ್ನೇ ಬಿಟ್ಟು ಬಂದಳು. ಈಗ ಅವಳು ಮಾಡುವುದಕ್ಕೆ ಪರ್ಫಾರ್ಮೆನ್ಸ್ ಎನ್ನುತ್ತಾರೆ. ತನ್ನ ಮೈಯನ್ನೇ ಜನರ ಮುಂದಿಟ್ಟು ಏನಾದರೂ ಮಾಡುವುದು. ಮಾತಿಲ್ಲ, ಹಾಡಿಲ್ಲ, ವೇಷವಿಲ್ಲ. ಓಣಿಯವರು ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ ಅತ್ತೆ ಮೊದಮೊದಲು “ಡ್ರಾಯಿಂಗ್ ಟೀಚರ್,” ಎನ್ನುತ್ತಿದ್ದರು. ಒಮ್ಮೆ ಯಾರೋ ಮೊಬೈಲಿನಲ್ಲಿ ಅವಳ ವಿಡಿಯೋ ತಂದು ತೋರಿಸಿದ ಮೇಲೆ, “ಸರ್ಕಾರದ ಮ್ಯಾಲ ಸಿಟ್ಟ ಮಾಡ್ಕೊಳ್ಳೂ ನೌಕರಿ ಐತಿ,” ಎನ್ನತೊಡಗಿದರು. ನನಗೆ ತಿಳಿದಂತೆ ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ.

ಗಣಿಗಾಗಿ ಕಪ್ಪತಗುಡ್ಡ ಅಗೆಯುವ ಮಾತು ಎದ್ದಿದ್ದಾಗ ಅವಳು ಗುಡ್ಡದ ಬುಡದ ಡೋಣಿ ಎಂಬ ಊರಿನ ಕಡೆ ಹೋಗಿ ಒಂದು ಹೊಲದಲ್ಲಿ ಗುಂಡಿ ತೋಡಿಸಿಕೊಂಡು ಕುತ್ತಿಗೆಯವರೆಗೆ ಮಣ್ಣಿನಲ್ಲಿ ನಿಂತಿದ್ದಳು. ಗುಡ್ಡದ ಕಡೆ ಮುಖ, ಇಡೀ ದಿನ. ಅಲ್ಲಿಯ ಜನ ಸಿಡಿಲು ಬಡಿದವರನ್ನು ಬದುಕಿಕೊಳ್ಳಲಿ ಎಂದು ಕುತ್ತಿಗೆಯವರೆಗೆ ತಿಪ್ಪೆಯಲ್ಲಿ ಹೂಳುವುದನ್ನು ಕಂಡವರು. ಯಾರದೋ ಮಗಳಿಗೆ ಸಿಡಿಲು ಬಡಿದಿದೆ ಎಂದೇ ತಿಳಿದು ಒಬ್ಬ ಮುದುಕ ಒದ್ದೆ ಬಟ್ಟೆ ತಂದು ತಲೆಯ ಮೇಲೆ ಹಾಕಿ, ನೆರಳಿಗೆ ಕೊಡೆ ನೆಟ್ಟು ಹೋದನಂತೆ. ಬಿಸಿಲಿಲ್ಲದೆ ಪರ್ಫಾರ್ಮೆನ್ಸ್ ಕೆಟ್ಟಿತು ಎಂದು ಅವಳೇ ನಗುತ್ತ ಹೇಳಿದ್ದಳು.

ಇನ್ನೊಂದನ್ನು ನಾನು ಕಣ್ಣಾರೆ ನೋಡಿದೆ. ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ, ನೇಕಾರರಿಗಾಗಿ. ನೂಲನ್ನು ಮೈಗೆ ಸುತ್ತಿಕೊಳ್ಳುತ್ತ ಹೋಗಿ ಕೊನೆಗೆ ಬೆರಳೂ ಅಲುಗದಂತೆ ನಿಂತಳು. ಕನ್ನಡಕದವರು ತಲೆ ವಾರೆ ಮಾಡಿ ನೋಡುತ್ತಿದ್ದರು. ಅಷ್ಟು ನೂಲು ಹಾಳಾಯಿತಲ್ಲ ಎಂದು ನಾನು ಹೊಟ್ಟೆ ಉರಿದುಕೊಂಡೆ. ಅವಳ ಬೆರಳ ತುದಿ ನೀಲಿಯಾದದ್ದನ್ನೂ ನೋಡಿದೆ. ಆದರೆ ಅದರಿಂದ ಯಾವ ನೇಕಾರನಿಗೆ ಏನಾಯಿತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ನನ್ನ ಫೋನಿಗೆ ಅವಳು ಹೆಚ್ಚು ಮಾತಾಡಲಿಲ್ಲ. ಮುಂದಿನ ವಾರ ಬ್ಯಾಗು ಹಿಡಿದು ಮನೆಗೆ ಬಂದಳು. ಬಂದವಳು ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗುತ್ತಾಳೆ ಎಂದು ನಾನು ಕಾದೆ. ಅವಳು ನಮ್ಮ ಜೊತೆ ಸಂತೆಗೆ ಬಂದಳು. ನಮ್ಮ ಹತ್ತಿರ ಕೂರದೆ ಬಯಲಿನ ಅಂಚಿನಲ್ಲಿ ಒಬ್ಬಳೇ ನಿಂತು ಸುಮ್ಮನೆ ನೋಡಿದಳು.

ಯಾವ ಊರಿನ ಸಂತೆ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ತಮ್ಮಲ್ಲಿ ಎಲ್ಲ ಸರಿಯಾಗಿದೆ ಎಂದು ತಿಳಿದುಕೊಳ್ಳುತ್ತಾರೆ. ಸಂತೆ ಬಯಲಿನ ಮೂಲೆಯಲ್ಲಿ ಗುಲಾಬಿ ಬಣ್ಣದ ಒಂದು ಸಣ್ಣ ಕಟ್ಟಡವಿತ್ತು. ಗೋಡೆಯ ಮೇಲೆ ಸೀರೆ ಉಟ್ಟ ಹೆಂಗಸಿನ ಚಿತ್ರ, ಕೆಳಗೆ ‘ಮಹಿಳೆಯರಿಗೆ’ ಎಂಬ ಬರಹ, ಪಕ್ಕದಲ್ಲಿ ಉದ್ಘಾಟನೆಯ ಕಲ್ಲು. ಬಾಗಿಲಿಗೆ ಬೀಗ. ಕಟ್ಟಿದಂದಿನಿಂದ ಆ ಬೀಗ ತೆರೆದದ್ದನ್ನು ಸಂತೆಯ ಹೆಂಗಸರು ನೋಡಿರಲಿಲ್ಲ. ಸಂದಿಯಿಂದ ಇಣುಕಿದರೆ ಮುರಿದ ಕುರ್ಚಿಗಳು, ಫಿನಾಯಿಲ್ ಡಬ್ಬಿಗಳು ಕಾಣುತ್ತಿದ್ದವು. ನಳ ಬಂದಿಲ್ಲ ಎಂದು ಒಮ್ಮೆ, ಗುತ್ತಿಗೆದಾರ ಕೀಲಿ ಕೊಟ್ಟಿಲ್ಲ ಎಂದು ಇನ್ನೊಮ್ಮೆ ಹೇಳುತ್ತಿದ್ದರು. ನಾವು ಕೇಳುವುದನ್ನೂ ಬಿಟ್ಟಿದ್ದೆವು. ತೀರಾ ತಡೆಯಲಾರದವರು ಹಿಂದಿನ ಪಾಳುಗೋಡೆಯ ಆಚೆ ಹೋಗಬೇಕು, ಇಬ್ಬರು ಸೀರೆ ಮರೆ ಹಿಡಿಯಬೇಕು. ಅಲ್ಲಿ ಕುಡುಕರು ಕುಳಿತಿರದಿದ್ದರೆ.

ನಾದಿನಿ ಮನೆಗೆ ಬಂದ ಮೇಲೆ ನನ್ನನ್ನು ಅಡುಗೆಮನೆಯಲ್ಲಿ ಹಿಡಿದುಕೊಂಡು ಪ್ರಶ್ನೆ ಕೇಳಿದಳು. ಮೊದಲು ಎಲ್ಲಿ ನೋವು ಶುರುವಾಗುತ್ತದೆ, ನೋವು ಹೋಗಿ ಮರಗಟ್ಟುವುದು ಯಾವಾಗ, ಆಗ ಕೂರುವುದು ಹೇಗೆ, ಏಳುವುದು ಹೇಗೆ. ನನಗೆ ನಗು ಬಂತು, ಆಮೇಲೆ ನಾಚಿಕೆ ಬಂತು, ಆಮೇಲೆ ಹೇಳುತ್ತ ಹೋದೆ. ಅದನ್ನೆಲ್ಲ ನಾನು ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

ಎಲ್ಲ ಕೇಳಿ ಅವಳು ತಾನು ಮಾಡಲಿರುವುದನ್ನು ಹೇಳಿದಳು. ಮುಂದಿನ ಸಂತೆಯಲ್ಲಿ ಆ ಬೀಗದ ಬಾಗಿಲಿನ ಮುಂದೆ ಒಂದು ಕೊಡ ನೀರು, ಕುಡಿಯಲು ಒಂದು ವಾಟಗ ಇಟ್ಟುಕೊಂಡು ಕೂರುತ್ತಾಳೆ. ಸಂತೆ ಮುಗಿಯುವವರೆಗೆ ವಾಟಗ ವಾಟಗ ಕುಡಿಯುತ್ತ ಹೋಗುತ್ತಾಳೆ. ಮಾತಾಡುವುದಿಲ್ಲ, ಏಳುವುದಿಲ್ಲ.

“ಆಮ್ಯಾಲ?” ಎಂದೆ.

“ಆಮ್ಯಾಲ ಏನ್ ಆಗ್ತೈತೋ ಅದ ಆಗ್ಲಿ, ವೈನಿ.”

ನನಗೆ ನೆತ್ತಿಗೇರಿತು. “ಅತ್ತಿ ತ್ರಾಸ ನಿನಗ ಹೇಳಿದ್ದು ದವಾಖಾನಿಗೆ ಕರ್ಕೊಂಡ ಹೋಗ್ಲಿ ಅಂತ. ನಾಕ ಮಂದಿ ಮುಂದ ಆಟಾ ಮಾಡಾಕಲ್ಲ,” ಎಂದು ಒದರಿದೆ.

“ಅವ್ವನ ಹೆಸರ ಎಲ್ಲಿ ಬರ್ತೈತಿ? ನನ್ನ ಮೈ, ನನ್ನ ನೀರು.”

“ಹಂಗಾರ ಆಕಿಗೆ ಹೇಳಿ ಮಾಡು.”

“ಹೇಳಿದ್ರ ಬಿಡ್ತಾಳೇನ?” ಎಂದು ಎದ್ದುಹೋದಳು. ನಾನು ಅವತ್ತು ಅವಳ ತಟ್ಟೆಗೆ ಊಟ ಬಡಿಸಲಿಲ್ಲ, ತಾನೇ ಬಡಿಸಿಕೊಂಡಳು. ಅತ್ತೆಗೂ ಹೇಳಲಿಲ್ಲ. ಹೇಳಿದ್ದರೆ ಅತ್ತೆಯ ಗುಟ್ಟು ನನ್ನ ಬಾಯಿಂದ ಹೊರಬಿದ್ದದ್ದೂ ಹೇಳಬೇಕಾಗುತ್ತಿತ್ತು.

ಸಂತೆಯ ದಿನ ಅವಳು ನಮ್ಮ ಬಸ್ಸಿಗೆ ಬರಲಿಲ್ಲ, ಮೊದಲಿನ ಬಸ್ಸಿಗೆ ಹೋಗಿದ್ದಳು. ನಾವು ಗಂಟು ಬಿಚ್ಚಿ ಸೀರೆಗಳನ್ನು ಜೋಡಿಸುವಷ್ಟರಲ್ಲಿ ಗುಲಾಬಿ ಕಟ್ಟಡದ ಮೆಟ್ಟಿಲ ಮೇಲೆ ಕುಳಿತಿದ್ದಳು. ಎದುರಿಗೆ ಹಿತ್ತಾಳೆಯ ಕೊಡ, ಸ್ಟೀಲಿನ ವಾಟಗ. ಉಟ್ಟದ್ದು ತಿಳಿಹಳದಿಯ ಹೊಸ ಸೀರೆ. ಅತ್ತೆ ಗಂಟಿನಲ್ಲಿ ಕೈಯಾಡಿಸಿದರು, ಇನ್ನೊಮ್ಮೆ ಆಡಿಸಿದರು.

“ಮಾರೂ ಸೀರಿ ಉಟ್ಟಾಳ,” ಎಂದರು. ಆಗ ಅವರಿಗೆ ಕಂಡದ್ದು ಅಷ್ಟೇ.

ಗಂಡಸರು ಸುತ್ತ ನೆರೆದರು. ಅದು ಏನು ಎಂದು ಅವರು ಬಹಳ ಹೊತ್ತು ಚರ್ಚಿಸಿದರು. ಹರಕೆ ಎಂದ ಒಬ್ಬ. ನೀರಿನ ಫಿಲ್ಟರಿನ ಜಾಹೀರಾತು ಎಂದ ಇನ್ನೊಬ್ಬ. ಒಬ್ಬ ಪದವೀಧರನಂತೆ ಕಾಣುವವನು, “ರೆಕಾರ್ಡ್ ಮಾಡಾಕ ಹತ್ತ್ಯಾರ್ರಿ, ಜಾಗತಿಕ ರೆಕಾರ್ಡ್,” ಎಂದು ತೀರ್ಪು ಕೊಟ್ಟ. ಸ್ಥಳೀಯ ಚಾನೆಲ್ಲಿನ ಹುಡುಗನೊಬ್ಬ ಬಂದು ಮೊಬೈಲು ಚಾಚಿ, “ಮೇಡಮ್ಮರ, ಇದರ ಸಂದೇಶ ಏನ್ರಿ?” ಎಂದು ಕೇಳಿದ. ಅವಳು ವಾಟಗ ತುಂಬಿಕೊಂಡು ಕುಡಿದಳು.

ಹೆಂಗಸರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಎರಡು ಮೂರು ವಾಟಗ ಇಳಿಯುವಷ್ಟರಲ್ಲಿ ಬಯಲಿನ ಹೆಂಗಸರಿಗೆಲ್ಲ ಗೊತ್ತಾಗಿತ್ತು. ಅವರಿಗೆ ಗೊತ್ತಾದದ್ದು ನನಗೆ ಹೇಗೆ ತಿಳಿಯಿತು ಎಂದರೆ, ನಮ್ಮ ಪಕ್ಕದಲ್ಲಿ ಉಳ್ಳಾಗಡ್ಡಿ ಮಾರುವ ಮುದುಕಿ ಇದ್ದಕ್ಕಿದ್ದಂತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಕಾಲು ಮಡಚಿ ಕುಳಿತಳು. ಮೆಣಸಿನಕಾಯಿಯವಳು ತೂಕ ಮಾಡುವುದನ್ನು ನಿಲ್ಲಿಸಿದಳು. ನಾನು ಬೆಳಿಗ್ಗೆಯ ಅರ್ಧ ಕಪ್ ಚಹಾದ ಮೇಲಿದ್ದವಳು, ನನಗೂ ಕಿಬ್ಬೊಟ್ಟೆ ಹಿಡಿದುಕೊಂಡಿತು. ಬೆಂಗಳೂರಿನಲ್ಲಿ ನೂಲು ಹಾಳಾಯಿತೆಂದು ಲೆಕ್ಕ ಹಾಕಿದ್ದವಳಿಗೆ ಇಲ್ಲಿ ಹಾಗೆ ದೂರ ನಿಲ್ಲಲು ಆಗಲಿಲ್ಲ.

ಉಳ್ಳಾಗಡ್ಡಿ ಮುದುಕಿ ಅವಳನ್ನು ಪರವೂರಿನವಳು ಎಂದು ತಿಳಿದಳು. ಬೀಗ ಯಾವತ್ತಾದರೂ ತೆರೆಯುತ್ತದೆ ಎಂದು ನಂಬಿ ಕುಳಿತಿದ್ದಾಳೆ, ಪಾಪ, ಈ ಸಂತೆಯ ರೀತಿ ಗೊತ್ತಿಲ್ಲ. ಎದ್ದು ಹೋಗಿ ಅವಳ ಕಿವಿಯಲ್ಲಿ, “ಅದು ತಗಿಯಂಗಿಲ್ಲ, ಯವ್ವಾ. ಹಿಂದ ಗ್ವಾಡಿ ಐತಿ, ಬಾ, ನಾ ಮರಿ ಹಿಡೀತೇನಿ,” ಎಂದಳು. ಮೆಣಸಿನಕಾಯಿಯವಳು ಹೋಗಿ ಅದನ್ನೇ ಹೇಳಿದಳು. ಬಳೆಯವಳು ಕೈ ಹಿಡಿದು ಎಳೆದೇ ನೋಡಿದಳು. ಒಬ್ಬೊಬ್ಬರಾಗಿ ಹೋಗಿ ತಮಗೆ ಗೊತ್ತಿದ್ದ ಗುಟ್ಟಿನ ಜಾಗಗಳನ್ನೆಲ್ಲ ಅವಳ ಕಿವಿಯಲ್ಲಿ ಸುರಿದರು. ಗಂಡಸರು ಕೇಳಿಸಿಕೊಳ್ಳಬಾರದೆಂದು ಪಿಸುಗುಟ್ಟಿದ ಆ ಜಾಗಗಳಲ್ಲಿ ಎಷ್ಟೋ ನನಗೂ ಗೊತ್ತಿರಲಿಲ್ಲ. ಕೊನೆಗೆ ಅವಳಿಗೆ ಕಿವಿ ಕೇಳುವುದಿಲ್ಲ ಎಂದು ತೀರ್ಮಾನವಾಯಿತು.

ಮುದುಕಿ ಮರಳಿ ಬಂದು ನಿಟ್ಟುಸಿರು ಬಿಟ್ಟಳು. “ಯಾರ ಮಗಳೋ ಏನೋ.”

ಅತ್ತೆ ಒಬ್ಬ ಗಿರಾಕಿಗೆ ಖಣ ಮಡಚಿ ಕೊಡುತ್ತಿದ್ದರು. “ಯಾರ ಮಗಳಾದ್ರೇನು, ತಾಯಿ ಏನೂ ಕಲಿಸಿಲ್ಲ,” ಎಂದರು. ಆಮೇಲೆ ಆ ಕಟ್ಟಡಕ್ಕೆ ಬೆನ್ನು ತಿರುಗಿಸಿ ಕುಳಿತರು. ವ್ಯಾಪಾರ ಮಾಡಿದರು. ಅವತ್ತು ಅವರು ಒಬ್ಬರಿಗೂ ಕೊಸರು ಬಿಡಲಿಲ್ಲ, ಒಬ್ಬರ ಮುಖವನ್ನೂ ನೋಡಲಿಲ್ಲ.

ಬಿಸಿಲು ಏರಿದಾಗ ಪಂಚಾಯಿತಿ ಕಚೇರಿಯಿಂದ ಒಬ್ಬರು ಬಂದರು. ಒಳ್ಳೆಯ ಮನುಷ್ಯನೇ, ಗದರಲಿಲ್ಲ. ಅವಳು ಮಾತಾಡದಿದ್ದಾಗ ಜೊತೆಗೆ ಬಂದವರು ಯಾರು ಎಂದು ಕೇಳಿದರು. ಅತ್ತೆ ತಿರುಗಲಿಲ್ಲ. ನಾನು ಎದ್ದು ಹೋದೆ.

“ಪರ್ಮಿಷನ್ ತಗೊಂಡಾರೇನ್ರಿ ಇವರು?” ಎಂದರು.

“ನೀರ ಕುಡ್ಯಾಕ ಪರ್ಮಿಷನ್ ಬೇಕೇನ್ರಿ, ಸಾಹೇಬ್ರ?” ಎಂದೆ. ಬೆಳಿಗ್ಗೆಯವರೆಗೆ ಅವಳ ಮೇಲೆ ಕುದಿಯುತ್ತಿದ್ದ ನಾನೇ ಹೀಗೆ ಅವಳ ಕಡೆಯವಳಾಗಿಬಿಟ್ಟಿದ್ದೆ. ನನಗೂ ಆಶ್ಚರ್ಯ.

ಅವರು ಕೊಡ ನೋಡಿದರು, ಬೀಗ ನೋಡಿದರು, ಅವಳು ತುಟಿ ಕಚ್ಚಿ ಕುಳಿತದ್ದನ್ನು ನೋಡಿದರು. ಗಂಡಸರ ಪೈಕಿ ಮೊದಲು ಅರ್ಥ ಮಾಡಿಕೊಂಡವರು ಅವರೇ ಎಂದು ಕಾಣುತ್ತದೆ. ಮುಖ ಕೆಂಪಾಯಿತು. “ಕೀಲಿ ತರಸ್ತೇನ್ರಿ,” ಎಂದು ಫೋನು ಮಾಡಿದರು. ಕೀಲಿ ಇಟ್ಟುಕೊಂಡವನು ರಜೆಯ ಮೇಲಿದ್ದ. ಇನ್ನೊಬ್ಬನಿಗೆ ಮಾಡಿದರು, ಆತ ಯಾವುದೋ ಮದುವೆಯಲ್ಲಿದ್ದ. ಅವರು ಫೋನು ಮಾಡುತ್ತಲೇ ಕಚೇರಿಯ ಕಡೆ ನಡೆದರು.

ಮಧ್ಯಾಹ್ನ ಕಳೆಯಿತು. ಅವಳ ಹಣೆಯಲ್ಲಿ ಬೆವರು ನಿಂತಿತ್ತು. ಮೊಣಕಾಲುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು, ಪಾದದ ಬೆರಳುಗಳು ಕಲ್ಲನ್ನು ಹಿಡಿದಿದ್ದವು. ವಾಟಗ ಎತ್ತುವಾಗ ನೀರು ತುಳುಕಿ ಕುತ್ತಿಗೆಗೆ ಇಳಿಯುತ್ತಿತ್ತು. ನಾನು ಅಡುಗೆಮನೆಯಲ್ಲಿ ಹೇಳಿದ್ದೆಲ್ಲ ಅವಳ ಮೈಮೇಲೆ ಅದೇ ಕ್ರಮದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅದನ್ನು ನೋಡುವುದು ನನಗೆ ಕಷ್ಟವಾಯಿತು. ಸಾಕು ಮಾಡು ಎಂದು ಹೋಗಿ ಹೇಳಬೇಕೆನಿಸಿತು, ಹೋಗಲಿಲ್ಲ. ಹೆಂಗಸರು ಕೂಗಿ ಕೂಗಿ ಮಾರುವುದನ್ನು ನಿಲ್ಲಿಸಿದ್ದರು. ಸಂತೆಯ ಆ ಭಾಗ ಎಷ್ಟು ಸುಮ್ಮನಾಯಿತೆಂದರೆ ಅತ್ತೆ ಕೂಡ ಕೊನೆಗೆ ತಿರುಗಿ ನೋಡಿದರು.

ತಿರುಗಿದವರು ಮತ್ತೆ ಬೆನ್ನು ಹಾಕಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಅದು ಆಯಿತು. ತಿಳಿಹಳದಿಯ ಸೀರೆ ಮಡಿಲಿನಿಂದ ಕೆಳಗೆ ಬಣ್ಣ ಬದಲಿಸಿತು, ಮೆಟ್ಟಿಲಿನಿಂದ ಮೆಟ್ಟಿಲಿಗೆ ನೀರು ಇಳಿಯಿತು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಕಣ್ಣು ತೆರೆದು ಎದುರಿಗೆ ನೋಡುತ್ತಿದ್ದಳು. ಹಿಂದೆ ನಿಂತವರಲ್ಲಿ ಒಬ್ಬ ಹೋ ಎಂದು ನಕ್ಕ, ಪಕ್ಕದವನು ಅವನ ಭುಜ ಹಿಡಿದು ಆಚೆ ನೂಕಿದ. ಚಾನೆಲ್ಲಿನ ಹುಡುಗ ಮೊಬೈಲು ಕೆಳಗಿಳಿಸಿ, ಏನು ಮಾಡುವುದೆಂದು ತಿಳಿಯದೆ ಮತ್ತೆ ಎತ್ತಿದ. ಹೆಂಗಸರು ಯಾರೂ ನಗಲಿಲ್ಲ. ಉಳ್ಳಾಗಡ್ಡಿ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಅತ್ತೆಯನ್ನು ನೋಡಿದೆ. ಅವರ ಕೈ ತಮ್ಮ ಸೀರೆಯ ಹಿಂಭಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು, ಒದ್ದೆಯಾಗಿದೆಯೇ ಎಂದು.

ನಾದಿನಿ ಎದ್ದು ನಿಂತಳು. ಕೊಡದಲ್ಲಿ ಉಳಿದ ನೀರಿನಿಂದ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗೆ ತೊಳೆದಳು. ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಜನರ ನಡುವೆ ನಡೆದು ನಮ್ಮ ಕಡೆ ಬಂದಳು. ಈಗ ಸಂತೆಗೆಲ್ಲ ಅವಳು ಯಾರ ಮಗಳು ಎಂದು ಗೊತ್ತಾಯಿತು. ಅತ್ತೆ ಗಂಟು ಕಟ್ಟುವ ದಪ್ಪ ಬಟ್ಟೆಯನ್ನು ಎತ್ತಿ ಹಿಡಿದರು, ಒಂದು ತುದಿ ನನ್ನ ಕೈಗೆ ಕೊಟ್ಟರು. ಅದರ ಮರೆಯಲ್ಲಿ ಅವಳು ಸೀರೆ ಬದಲಿಸಿದಳು.

“ಮೈ ಒರಸ್ಕೋ, ಥಂಡಿ ಆಗ್ತೈತಿ,” ಎಂದರು ಅತ್ತೆ.

ಬೀಗ ತೆಗೆದರೇ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಮರುವಾರ ತೆಗೆದರು. ಕುರ್ಚಿಗಳು ಹೊರಗೆ ಬಂದವು. ಆಮೇಲೆ ನಳದ ನೆಪ ಹೇಳಿ ಮತ್ತೆ ಹಾಕಿದರು, ಹೆಂಗಸರು ಹೋಗಿ ಕಚೇರಿಯಲ್ಲಿ ಕುಳಿತ ಮೇಲೆ ಮತ್ತೆ ತೆಗೆದರು. ಈಗ ಸಂತೆಯ ದಿನ ತೆರೆದಿರುತ್ತದೆ. ನೀರು ಮಾತ್ರ ನಾವೇ ಒಯ್ಯಬೇಕು. ಚಾನೆಲ್ಲಿನ ಹುಡುಗ ಹಾಕಿದ ವಿಡಿಯೋವನ್ನು ಬಹಳ ಜನ ನೋಡಿದರು, ಅದರ ಕೆಳಗೆ ಬರೆದದ್ದನ್ನು ಇಲ್ಲಿ ಬರೆಯಲಾರೆ. ನಾದಿನಿ ಅವನ್ನೆಲ್ಲ ಓದಿದಳು. ಒಂದಷ್ಟು ದಿನ ಊಟ ಸೇರಲಿಲ್ಲ ಅವಳಿಗೆ. ತನ್ನ ಕೆಲಸ ಜಗತ್ತನ್ನು ಬದಲಿಸುತ್ತದೆ ಎಂದು ಅವಳು ಯಾವತ್ತೂ ನನ್ನ ಮುಂದೆ ಹೇಳಿಲ್ಲ. ಅವಳಲ್ಲಿ ನನಗೆ ಹಿಡಿಸುವುದು ಅದೊಂದು.

ಆದರೆ ನಾನು ಹೇಳಬೇಕೆಂದಿರುವುದು ಆ ದಿನ ಸಂಜೆಯದು.

ಮೂವರೂ ಗದಗಿನ ಬಸ್ಸು ಹತ್ತಿದೆವು. ಸಂತೆ ಮುಗಿಸಿದ ಜನ, ಬಸ್ಸು ತುಂಬಿತ್ತು. ನಾದಿನಿಗೆ ಹಿಂದೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅತ್ತೆ ಮತ್ತು ನಾನು ಮುಂದೆ, ಬಾಗಿಲಿನ ಹತ್ತಿರ. ಬಸ್ಸಿನಲ್ಲಿ ಅರ್ಧ ಜನರಿಗೆ ನಾವು ಯಾರೆಂದು ಗೊತ್ತಿತ್ತು. ಯಾರೂ ಮಾತಾಡಿಸಲಿಲ್ಲ, ಎಲ್ಲರೂ ನೋಡಿದರು. ಅತ್ತೆ ಮಡಿಲಲ್ಲಿ ಗಂಟು ಇಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ಅವರು ಮಗಳ ಮೇಲೆ ಸಿಟ್ಟಾಗಿದ್ದಾರೋ, ನನ್ನ ಮೇಲೋ, ತಿಳಿಯಲಿಲ್ಲ. ಗುಟ್ಟು ಎಲ್ಲಿಂದ ಹೊರಬಿದ್ದಿದೆ ಎಂದು ಊಹಿಸಲಾರದವರಲ್ಲ ಅವರು.

ಬಸ್ಸು ಇನ್ನೂ ನಿಲ್ದಾಣದಲ್ಲಿ ಇದ್ದಾಗಲೇ ಅತ್ತೆ ಕೈ ಚಾಚಿದರು.

“ನೀರ ಐತೇನ?”

ನಾನು ಅರ್ಥವಾಗದವಳಂತೆ ನೋಡಿದೆ. ನಮ್ಮ ಹತ್ತಿರ ನೀರು ಎಲ್ಲಿಂದ ಬರಬೇಕು. ಮುಂದಿನ ಸೀಟಿನ ಹೆಂಗಸು ತನ್ನ ಮಗುವಿಗೆಂದು ತಂದ ಬಾಟಲಿಯನ್ನು ಹಿಂದಕ್ಕೆ ಚಾಚಿದಳು. ಅತ್ತೆ ಮುಚ್ಚಳ ತೆಗೆದು, ತಲೆ ಹಿಂದಕ್ಕೆ ಮಾಡಿ, ಬಾಟಲಿ ಮೇಲೆತ್ತಿ ಹಿಡಿದು ಗಟಗಟ ಕುಡಿದರು. ಅಷ್ಟನ್ನೂ ಕುಡಿದರು. ಅವರ ಗಂಟಲು ಮೇಲೆ ಕೆಳಗೆ ಆಗುವುದನ್ನು ನಾನು ನೋಡಿದೆ. ಇಷ್ಟು ವರ್ಷ ಜೊತೆಯಲ್ಲಿ ಸಂತೆ ಮಾಡಿದವಳು, ಮನೆಯ ಹೊರಗೆ ಅವರು ನೀರು ಕುಡಿದದ್ದನ್ನು ಅದೇ ಮೊದಲು ನೋಡುತ್ತಿದ್ದೆ.

ಊರು ದಾಟಿತು. ಎರಡೂ ಕಡೆ ಕಪ್ಪು ಹೊಲ, ಕಡಲೆ ಬಿತ್ತಿದ್ದರು. ಅರ್ಧ ದಾರಿಯಾಗಿರಬೇಕು, ಅತ್ತೆ ಗಂಟನ್ನು ನನ್ನ ಮಡಿಲಿಗೆ ಇಟ್ಟು ಎದ್ದು ನಿಂತರು. ಕಂಬಿ ಹಿಡಿದುಕೊಂಡು, ಸಂತೆಯಲ್ಲಿ ಗಿರಾಕಿಯನ್ನು ಕರೆಯುವ ಅದೇ ದನಿಯಲ್ಲಿ, “ಕಂಡಕ್ಟರ್ರ, ಗಾಡಿ ನಿಂದ್ರಸ್ರಿ,” ಎಂದರು.

“ಇಲ್ಲಿ ಸ್ಟಾಪ್ ಇಲ್ಲಬೇ ಅವ್ವಾ,” ಎಂದ ಕಂಡಕ್ಟರ್, ಟಿಕೇಟಿನ ಯಂತ್ರದಿಂದ ತಲೆ ಎತ್ತದೆ.

“ಸ್ಟಾಪ್ ಬ್ಯಾಡ ನನಗ. ಒಂದಕ್ಕ ಹೋಗಬೇಕಾಗೈತಿ.”

ಕಂಡಕ್ಟರ್ ತಲೆ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ಅವನು ಹೇಳುವ ಮೊದಲೇ ಡ್ರೈವರ್ ಬಸ್ಸನ್ನು ಬದಿಗೆ ತಂದು ನಿಲ್ಲಿಸಿದ.

ಹಿಂದಿನಿಂದ ನಾದಿನಿ ಎದ್ದು ಜನರನ್ನು ಸರಿಸಿಕೊಂಡು ಬಂದಳು, ಅವ್ವನಿಗೆ ಮರೆ ಹಿಡಿಯಲು. ಅತ್ತೆ ಬಾಗಿಲ ಮೆಟ್ಟಿಲ ಮೇಲೆ ನಿಂತು ತಿರುಗಿ ಮಗಳನ್ನು ನೋಡಿದರು. ಆ ದಿನ ಅವಳ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ.

“ನೀ ಕುಂಡ್ರು,” ಎಂದರು. “ನಿಂದು ಆಗೈತಿ. ಈಗ ನಂದು.”

ಅವರು ಇಳಿದರು. ಬಾಟಲಿ ಕೊಟ್ಟ ಹೆಂಗಸು ಮಗುವನ್ನು ಗಂಡನ ಕೈಗೆ ಕೊಟ್ಟು ಎದ್ದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಹಿಂದಿನ ಸೀಟುಗಳಿಂದ ಇನ್ನಷ್ಟು ಹೆಂಗಸರು, ಮುಖ ಕೆಳಗೆ ಹಾಕದೆ. ಗಂಡಸರು ತಾವಾಗಿಯೇ ಆಚೆ ಬದಿಯ ಕಿಟಕಿಗಳ ಕಡೆ ತಿರುಗಿದರು. ನಾನು ಗಂಟನ್ನು ನಾದಿನಿಯ ಕೈಗೆ ಕೊಟ್ಟು ಇಳಿದೆ.